ದುಡಿಯುವವನ ದಾರಿಯ ಲೆಕ್ಕ

(ಕಾರ್ಮಿಕರ ಅಧ್ಯಯನ ವರ್ಗದಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಕೂಲಿ ಎಷ್ಟು, ಕೆಲಸದ ಹೊತ್ತು ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಕಾರ್ಮಿಕ ಸಂಘಗಳು ಹುಟ್ಟಿದಂದಿನಿಂದ ಕೇಳುತ್ತ ಬಂದಿವೆ. ಮೂರನೆಯ ಒಂದು ಪ್ರಶ್ನೆ ಅಷ್ಟಾಗಿ ಕೇಳಿಬರುವುದಿಲ್ಲ. ಮನೆಯ ಹೊಸ್ತಿಲಿನಿಂದ ಕಾರಖಾನೆಯ ಗೇಟಿನವರೆಗೆ ದೂರ ಎಷ್ಟು? ಆ ದೂರವನ್ನು ಗೊತ್ತುಮಾಡಿದವರು ಯಾರು? ಅದರಲ್ಲಿ ತಪ್ಪಿಸಲಾಗದ್ದು ಎಷ್ಟು, ತಪ್ಪಿಸಬಹುದಾಗಿದ್ದೂ ತಪ್ಪಿಸದೆ ಬಿಟ್ಟದ್ದು ಎಷ್ಟು? ಇಂದು ಈ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ.

ಮೊದಲು ಒಂದು ಮನೆಲೆಕ್ಕ. ಒಬ್ಬ ಕೆಲಸಗಾರನಿಗೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಹಿಡಿಯುತ್ತದೆ ಎನ್ನಿ. ದೊಡ್ಡ ನಗರಗಳಲ್ಲಿ ಇದು ಅಪರೂಪದ ಮಾತಲ್ಲ. ವರ್ಷಕ್ಕೆ 300 ದಿನ ಕೆಲಸವಾದರೆ ದಾರಿಯಲ್ಲಿ ಕಳೆದದ್ದು 900 ಗಂಟೆ. ಎಂಟು ಗಂಟೆಗೆ ಒಂದು ದಿನವೆಂದು ಹಿಡಿದರೆ 112 ದಿನಗಳಿಗೂ ಮಿಕ್ಕಿತು. ಎಂದರೆ ವರ್ಷದಲ್ಲಿ ನಾಲ್ಕು ತಿಂಗಳಿಗೂ ಹೆಚ್ಚಿನ ದುಡಿಮೆಯಷ್ಟು ಹೊತ್ತನ್ನು ಅವನು ಬಸ್ಸಿನ ಕಂಬಿ ಹಿಡಿದು ನಿಂತು ಕಳೆಯುತ್ತಾನೆ. ಅದಕ್ಕೆ ಕೂಲಿಯಿಲ್ಲ. ಕೂಲಿಯಿಲ್ಲದಿರುವುದು ಹಾಗಿರಲಿ, ಅನೇಕ ಕಡೆ ಅವನೇ ಕೈಯಿಂದ ಹಣ ತೆರಬೇಕು. ಎಂಟು ಗಂಟೆಯ ದಿನಕ್ಕಾಗಿ 1886ರಲ್ಲಿ ಚಿಕಾಗೋ ನಗರದಲ್ಲಿ ರಕ್ತ ಹರಿಯಿತು. ಆ ಎಂಟು ಗಂಟೆ ದಾರಿಯ ದೆಸೆಯಿಂದ ಹನ್ನೊಂದು ಗಂಟೆಯಾಗಿ ಬೆಳೆದರೆ ಗೆದ್ದದ್ದು ಉಳಿದಂತಾಯಿತೆ?

ಈ ಅಲೆದಾಟವನ್ನು ಅಳೆಯುವ ಒಂದು ಶಾಸ್ತ್ರವಿದೆ. ಅದು ಕಬ್ಬಿಣದ ಕಡಲೆಯೇನೂ ಅಲ್ಲ. ಕೂಡಿಸುವುದು, ಭಾಗಿಸುವುದು ಬಂದರೆ ಸಾಕು. ಒಂದು ಚಿಕ್ಕ ಊರನ್ನು ಮನಸ್ಸಿಗೆ ತಂದುಕೊಳ್ಳಿ. ಊರಿನ ಮೂಡಣ ಕೇರಿಯಲ್ಲಿ 100 ಕೆಲಸಗಾರರು, ಪಡುವಣ ಕೇರಿಯಲ್ಲಿ 100 ಕೆಲಸಗಾರರು. ಮೂಡಣದಲ್ಲಿ ಒಂದು ಅಕ್ಕಿ ಗಿರಣಿ, ಅಲ್ಲಿ 100 ಜನಕ್ಕೆ ಕೆಲಸ. ಪಡುವಣದಲ್ಲಿ ಒಂದು ಹೆಂಚಿನ ಕಾರಖಾನೆ, ಅಲ್ಲಿಯೂ 100 ಜನಕ್ಕೆ ಕೆಲಸ. ತನ್ನ ಕೇರಿಯ ಮಗ್ಗುಲಲ್ಲೇ ಕೆಲಸವಿದ್ದವನಿಗೆ ದಾರಿ 1 ಕಿಲೋಮೀಟರು. ಊರು ದಾಟಿ ಹೋಗಬೇಕಾದವನಿಗೆ 5 ಕಿಲೋಮೀಟರು. ಪ್ರತಿ ಕೇರಿಯಲ್ಲಿಯೂ 60 ಜನ ಹತ್ತಿರದ ಕೆಲಸಕ್ಕೆ, 40 ಜನ ದೂರದ ಕೆಲಸಕ್ಕೆ ಹೋಗುತ್ತಿದ್ದಾರೆ. ಆಗ ಸರಾಸರಿ ದೂರ ಎಷ್ಟಾಯಿತು? ನೂರು ಜನಕ್ಕೆ 260 ಕಿಲೋಮೀಟರು, ತಲೆಗೆ 2.6.

ಈಗ ಶಾಸ್ತ್ರಜ್ಞರು ಕೇಳುವುದೇನೆಂದರೆ, ಇದೇ ಮನೆಗಳು, ಇದೇ ಕೆಲಸಗಳು ಇದ್ದ ಜಾಗದಲ್ಲಿಯೇ ಇರಲಿ. ಯಾರು ಎಲ್ಲಿ ದುಡಿಯಬೇಕು ಎಂಬುದನ್ನು ಮಾತ್ರ ಬದಲಿಸಿ ನೋಡಿದರೆ ದೂರ ಎಷ್ಟರಮಟ್ಟಿಗೆ ಇಳಿದೀತು? ಮೂಡಣದವರೆಲ್ಲ ಗಿರಣಿಗೆ, ಪಡುವಣದವರೆಲ್ಲ ಹೆಂಚಿಗೆ ಹೋದರೆ ತಲೆಗೆ 1 ಕಿಲೋಮೀಟರು. ಇದು ಕನಿಷ್ಠ. ನಿಜವಾಗಿ ನಡೆಯುವ 2.6ರಿಂದ ಈ 1 ಕಳೆದರೆ ಉಳಿದದ್ದು 1.6. ಅದೇ ಅನಗತ್ಯ ದೂರ. 2.6ರಲ್ಲಿ 1.6 ಎಂದರೆ ನೂರಕ್ಕೆ ಸುಮಾರು 62. ಈ ಊರಿನ ಜನ ಸವೆಸುವ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅನಗತ್ಯವೆಂದು ಲೆಕ್ಕ ಹೇಳುತ್ತದೆ.

ಈ ಗಣಿತ ಹುಟ್ಟಿದ್ದು ಜನರಿಗಾಗಿ ಅಲ್ಲ, ಸರಕಿಗಾಗಿ. ರೈಲಿನಲ್ಲಿ ಸಾಗುವ ಸರಕು ಸುಮ್ಮನೆ ಸುತ್ತಾಡದಂತೆ ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಕಳಿಸಬೇಕೆಂಬ ಪ್ರಶ್ನೆಯನ್ನು ಸೋವಿಯತ್ ದೇಶದಲ್ಲಿ 1930ರಲ್ಲಿಯೇ ಟಾಲ್‌ಸ್ಟಾಯ್ ಎಂಬ ಗಣಿತಜ್ಞ ಎತ್ತಿಕೊಂಡಿದ್ದ. (ಇವನು ಕಾದಂಬರಿಕಾರನಲ್ಲ, ಬೇರೊಬ್ಬ.) 1941ರಲ್ಲಿ ಅಮೆರಿಕದ ಹಿಚ್‌ಕಾಕ್ ಅದೇ ಪ್ರಶ್ನೆಯನ್ನು ಕಾರಖಾನೆಗಳಿಗೂ ಪೇಟೆಗಳಿಗೂ ಹೊಂದಿಸಿ ಬಿಡಿಸಿದ. ರಷ್ಯದ ಕಾಂಟೊರೊವಿಚ್, ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕೂಪ್‌ಮನ್ಸ್ ಈ ಹಾದಿಯಲ್ಲಿ ಬೇರೆ ಬೇರೆಯಾಗಿಯೇ ದುಡಿದು, 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಸಿಮೆಂಟಿನ ಮೂಟೆಗೂ ಉಪ್ಪಿನ ಮೂಟೆಗೂ ಇದು ಸರಿಯಾದ ಲೆಕ್ಕವೇ. ಒಂದು ಮೂಟೆಗೂ ಇನ್ನೊಂದು ಮೂಟೆಗೂ ಭೇದವಿಲ್ಲ. ಮೂಟೆಗೆ ಹೆಂಡತಿಯಿಲ್ಲ, ಶಾಲೆಗೆ ಹೋಗುವ ಮಕ್ಕಳಿಲ್ಲ, ಜಾತಿಯೂ ಇಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೂಟೆಯ ಲೆಕ್ಕವನ್ನು ಮನುಷ್ಯರ ಓಡಾಟಕ್ಕೆ ತಂದ ಚರ್ಚೆ ಬಿಸಿಯೇರಿದ್ದು 1982ರಲ್ಲಿ. ಹ್ಯಾಮಿಲ್ಟನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಅಮೆರಿಕ ಮತ್ತು ಜಪಾನಿನ ಹಲವು ನಗರಗಳನ್ನು ತೆಗೆದುಕೊಂಡು ನೋಡಿದ. ಜನರು ಬಾಡಿಗೆಯನ್ನೂ ಪ್ರಯಾಣದ ಖರ್ಚನ್ನೂ ತೂಗಿ ನೋಡಿ ಮನೆ ಹಿಡಿಯುತ್ತಾರೆ, ಆದುದರಿಂದ ನಗರವೆಂಬುದು ತಾನೇ ತಾನಾಗಿ ಒಪ್ಪವಾಗಿ ಜೋಡಣೆಗೊಳ್ಳುತ್ತದೆ ಎಂಬುದು ಅಂದಿನ ಪಾಠಪುಸ್ತಕದ ಸಿದ್ಧಾಂತ. ಹ್ಯಾಮಿಲ್ಟನ್ ಕಂಡದ್ದೇನು? ಸಿದ್ಧಾಂತ ಹೇಳಿದ ದೂರದ ಸುಮಾರು ಎಂಟು ಪಟ್ಟು ದೂರವನ್ನು ಜನ ನಿಜವಾಗಿ ಸವೆಸುತ್ತಿದ್ದರು. ಚೀಟಿ ಎತ್ತಿ ಇವನಿಗೆ ಈ ಮನೆ, ಅವನಿಗೆ ಆ ಕೆಲಸ ಎಂದು ಹಂಚಿದ್ದರೆ ಎಷ್ಟು ದೂರ ಬರುತ್ತಿತ್ತು ಎಂದೂ ಅವನು ಗುಣಿಸಿದ. ಅದು ನಿಜಸ್ಥಿತಿಗಿಂತ ಕಾಲುಭಾಗದಷ್ಟು ಮಾತ್ರ ಹೆಚ್ಚಾಗಿತ್ತು! ಮಾರುಕಟ್ಟೆಯ ಬುದ್ಧಿವಂತಿಕೆ ಚೀಟಿ ಎತ್ತುವುದಕ್ಕಿಂತ ಹೆಚ್ಚೇನೂ ಮೇಲಲ್ಲವೆಂದು ಮಾರುಕಟ್ಟೆಯ ಶಾಸ್ತ್ರವನ್ನೇ ಓದಿದವನೊಬ್ಬ ತೋರಿಸಿಕೊಟ್ಟಂತಾಯಿತು.

ಇದಕ್ಕೆ ಉತ್ತರ ಬರದೆ ಇರುತ್ತದೆಯೆ? 1988ರಲ್ಲಿ ಮಿಶೆಲ್ ವೈಟ್ ಎಂಬ ವಿದುಷಿ ಬೇರೆ ರೀತಿಯಲ್ಲಿ ಲೆಕ್ಕ ಹಾಕಿ, ಅನಗತ್ಯವಾದದ್ದು ನೂರಕ್ಕೆ 11 ಮಾತ್ರ ಎಂದರು. 1992ರಲ್ಲಿ ಸ್ಮಾಲ್ ಮತ್ತು ಸಾಂಗ್ ಎಂಬಿಬ್ಬರು ಲಾಸ್ ಏಂಜಲೀಸ್ ನಗರದ 1980ರ ಅಂಕಿಗಳನ್ನು ಹಿಡಿದು, ಅದು ಸುಮಾರು ಮೂರನೆಯ ಎರಡು ಪಾಲು ಎಂದರು. ಒಬ್ಬರು ಹನ್ನೊಂದು ಎನ್ನುತ್ತಾರೆ, ಇನ್ನೊಬ್ಬರು ಅರವತ್ತಕ್ಕೂ ಮೇಲೆ ಎನ್ನುತ್ತಾರೆ. ಏತಕ್ಕೆ ಹೀಗೆ? ಕಾರಣ ತಿಳಿದರೆ ಅಂಕಿಗಳನ್ನು ಓದುವ ಬಗೆಯೇ ತಿಳಿಯುತ್ತದೆ. ನಗರವನ್ನು ದೊಡ್ಡ ದೊಡ್ಡ ತುಂಡುಗಳಾಗಿ ಹೆಚ್ಚಿ ಲೆಕ್ಕ ಹಾಕಿದರೆ ಒಂದೇ ತುಂಡಿನೊಳಗೆ ನಡೆಯುವ ಉದ್ದ ಪ್ರಯಾಣಗಳೆಲ್ಲ ಅನಿವಾರ್ಯವೆಂದು ತೋರುತ್ತವೆ. ಚಿಕ್ಕ ತುಂಡುಗಳಾಗಿ ಹೆಚ್ಚಿದರೆ ಅಡಗಿದ್ದ ಅಲೆದಾಟ ಹೊರಗೆ ಬೀಳುತ್ತದೆ. ಸರಾಸರಿ ಎಂಬುದು ದೂರದ ಬೆಟ್ಟ; ಹತ್ತಿರ ಹೋದಷ್ಟೂ ಕಲ್ಲುಮುಳ್ಳು ಕಾಣುತ್ತವೆ. ಆದುದರಿಂದ ಯಾರಾದರೂ ನಿಮ್ಮ ಮುಂದೆ ಒಂದು ಶೇಕಡಾವಾರನ್ನು ಇಟ್ಟರೆ ಮೊದಲು ಕೇಳಬೇಕಾದ ಪ್ರಶ್ನೆ: ನೀವು ಊರನ್ನು ಎಷ್ಟು ತುಂಡು ಮಾಡಿದಿರಿ?

ಕೇಳಬೇಕಾದ ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು. ನಮ್ಮ ಚಿಕ್ಕ ಊರಿಗೆ ಮರಳಿ ಹೋಗೋಣ. ಹೆಂಚಿನ ಕಾರಖಾನೆಯ ಮಾಲೀಕನು ಪಡುವಣದ ಜಾಗವನ್ನು ಒಳ್ಳೆಯ ಬೆಲೆಗೆ ಮಾರಿ, ಊರಾಚೆಯ ಕೈಗಾರಿಕಾ ಪ್ರದೇಶಕ್ಕೆ ಹೊರಟುಹೋದನೆನ್ನಿ. ಹೊಸ ಜಾಗ ಪಡುವಣ ಕೇರಿಗೆ 15 ಕಿಲೋಮೀಟರು, ಮೂಡಣ ಕೇರಿಗೆ 18. ಕೆಲಸಗಾರರೆಲ್ಲ ಹಳಬರೇ. ಪಡುವಣದ 60 ಜನ 15 ಕಿಲೋಮೀಟರು, ಮೂಡಣದ 40 ಜನ 18 ಕಿಲೋಮೀಟರು ಹೋಗಬೇಕು. ಗಿರಣಿಯವರ ದಾರಿ ಹಿಂದಿನಂತೆಯೇ. 200 ಜನಕ್ಕೆ ಒಟ್ಟು 1,880 ಕಿಲೋಮೀಟರು, ತಲೆಗೆ 9.4. ಕನಿಷ್ಠ ಎಷ್ಟು? ಮೂಡಣದವರೆಲ್ಲ ಗಿರಣಿಗೆ, ಪಡುವಣದವರೆಲ್ಲ ಹೊಸ ಜಾಗಕ್ಕೆ ಹೋದರೂ ತಲೆಗೆ 8. ಅನಗತ್ಯ ದೂರ 1.4, ಎಂದರೆ ನೂರಕ್ಕೆ 15 ಮಾತ್ರ!

ನೋಡಿದಿರಾ? ದಾರಿ 2.6ರಿಂದ 9.4ಕ್ಕೆ ಏರಿತು. ಅನಗತ್ಯ ಅಲೆದಾಟ ಮಾತ್ರ ನೂರಕ್ಕೆ 62ರಿಂದ 15ಕ್ಕೆ ಇಳಿಯಿತು. ಮಂತ್ರಿಗಳು ವೇದಿಕೆ ಹತ್ತಿ "ನಮ್ಮ ಊರಿನಲ್ಲಿ ವ್ಯರ್ಥ ಪ್ರಯಾಣ ಕಡಿಮೆಯಾಗಿದೆ" ಎಂದರೆ ಅದರಲ್ಲಿ ಒಂದಕ್ಷರ ಸುಳ್ಳಿರುವುದಿಲ್ಲ. ಆದರೆ ಕೆಲಸಗಾರ ಕೋಳಿ ಕೂಗುವ ಮೊದಲೇ ಎದ್ದು ಹೊರಟಿರುತ್ತಾನೆ. ಇದು ಬರಿಯ ಕಲ್ಪನೆಯಲ್ಲ. ಟೋಕಿಯೋ ಮಹಾನಗರದಲ್ಲಿ ಇಂಥ ಹೆಚ್ಚುವರಿ ಪ್ರಯಾಣ ನೂರಕ್ಕೆ ಸುಮಾರು 15 ಮಾತ್ರವೆಂದು 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡುಕೊಂಡಿತು. ಅಲ್ಲಿ ಜನ ರೈಲಿನಲ್ಲಿ ಒತ್ತೊತ್ತಾಗಿ ನಿಂತು ಬಲು ದೂರ ಹೋಗಿಬರುವುದು ಜಗತ್ತಿಗೇ ಗೊತ್ತು. ಕೆಲಸಗಳೆಲ್ಲ ನಡುವೆ, ಮನೆಗಳೆಲ್ಲ ಹೊರಗೆ. ಅಂಥ ನಗರದಲ್ಲಿ ಯಾರನ್ನು ಯಾರೊಡನೆ ಅದಲುಬದಲು ಮಾಡಿದರೂ ದೂರ ಕರಗುವುದಿಲ್ಲ. ಈ ಕೊರತೆಯನ್ನು ಕಂಡೇ 2002ರಲ್ಲಿ ಹಾರ್ನರ್ ಎಂಬ ಭೂಗೋಳಶಾಸ್ತ್ರಜ್ಞ, ಕನಿಷ್ಠದ ಜೊತೆಗೆ ಗರಿಷ್ಠ ದೂರವನ್ನೂ ಗುಣಿಸಿ, ಎರಡರ ನಡುವೆ ನಗರ ಎಲ್ಲಿ ನಿಂತಿದೆಯೆಂದು ನೋಡಬೇಕೆಂದ.

ನಾವು ಇದರಿಂದ ತೆಗೆಯುವ ಸಾರ ಇಷ್ಟು. ದಾರಿಯಲ್ಲಿ ಎರಡು ಪಾಲುಗಳಿವೆ. ಒಂದು ಪಾಲು ಕಾರಖಾನೆ ಎಲ್ಲಿ, ಮನೆ ಎಲ್ಲಿ ಎಂಬುದನ್ನು ಗೊತ್ತುಮಾಡಿದವರು ಹೇರಿದ್ದು. ಇನ್ನೊಂದು ಪಾಲು, ಇದ್ದ ಮನೆ ಇದ್ದ ಕೆಲಸಗಳ ನಡುವೆ ಮನುಷ್ಯನಿಗೆ ತನಗೆ ಬೇಕಾದುದು ದೊರೆಯದೆ ಹೋದದ್ದರಿಂದ ಬಂದದ್ದು. ಶಾಸ್ತ್ರ ಮೊದಲನೆಯದನ್ನು ಅಗತ್ಯವೆಂದೂ ಎರಡನೆಯದನ್ನು ಅನಗತ್ಯವೆಂದೂ ಕರೆಯುತ್ತದೆ. ನಮ್ಮ ದೃಷ್ಟಿಯಲ್ಲಿ ಮೊದಲನೆಯದೂ ದೇವರು ಇತ್ತದ್ದಲ್ಲ.

ಮೊದಲನೆಯ ಪಾಲಿಗೆ ಕೋಲಾರದ ಚಿನ್ನದ ಗಣಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. 1880ರ ದಶಕದಿಂದ ಅಲ್ಲಿ ಗಣಿಯ ಬಾಯಿಯ ಸುತ್ತಲೇ ಕಾರ್ಮಿಕರ ಸಾಲುಮನೆಗಳು ಎದ್ದವು. ಮನೆಯಿಂದ ಗಣಿಗೆ ಕಾಲ್ನಡಿಗೆಯ ದಾರಿ. 1956ರಲ್ಲಿ ಗಣಿಗಳು ಮೈಸೂರು ಸರಕಾರದ ಕೈಗೆ ಬಂದವು, ಮುಂದೆ ಕೇಂದ್ರ ಸರಕಾರದ್ದಾದವು. 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಿದರು. ಮನೆಗಳು ಇದ್ದಲ್ಲಿಯೇ ಉಳಿದವು, ಕೆಲಸ ಮಾತ್ರ ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ ಹಾರಿಹೋಯಿತು. ಅಂದಿನಿಂದ ಸಾವಿರಾರು ಜನ ನಸುಕಿನ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ರಾತ್ರಿ ಮನೆ ಸೇರುತ್ತಿದ್ದಾರೆ. ದಿನಕ್ಕೆ 200 ಕಿಲೋಮೀಟರು, 300 ದಿನಕ್ಕೆ 60,000. ಭೂಮಿಯ ಸುತ್ತಳತೆ 40,000 ಕಿಲೋಮೀಟರು. ಗಣಿಯವನ ಮಗ ವರ್ಷಕ್ಕೆ ಒಂದೂವರೆ ಬಾರಿ ಭೂಪ್ರದಕ್ಷಿಣೆ ಮಾಡಿದಂತಾಯಿತು. ಪುಣ್ಯ ಯಾರಿಗೆ ಬಂತೋ ಕಾಣೆವು. ಕೋಲಾರದ ಚಿನ್ನದ ಗಣಿಯಲ್ಲಿ ಸಾಕಷ್ಟು ಬೇರೆ ಕೆಲಸ ಇಲ್ಲದಿರುವಾಗ ಈ ನೂರು ಕಿಲೋಮೀಟರಿನ ಬಹುಭಾಗವನ್ನು ಶಾಸ್ತ್ರವು "ಅಗತ್ಯ"ವೆಂದೇ ಬರೆದುಕೊಳ್ಳುತ್ತದೆ!

ಬೆಂಗಳೂರಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. 1940ರಲ್ಲಿ ವಿಮಾನ ಕಾರಖಾನೆ, 1948ರಲ್ಲಿ ದೂರವಾಣಿ ಕಾರಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಯಾದವು. ಕಾರಖಾನೆಯ ಜೊತೆಗೆ ಕಾಲೊನಿಯೂ ಎದ್ದಿತು. ಎಲ್ಲರಿಗೂ ಮನೆ ಸಿಕ್ಕಿತೆಂದಲ್ಲ, ಆದರೆ ಕಾರಖಾನೆ ಕಟ್ಟುವವನು ಮನೆಯ ಮಾತನ್ನೂ ಆಡಬೇಕೆಂಬ ಒಂದು ರೀತಿ ಇತ್ತು. ನಮ್ಮ ಕಡೆಯ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗಲೂ ಊರು ಕುಲುಮೆಯ ಸುತ್ತಲೇ ಬೆಳೆಯಿತು. 1990ರ ದಶಕದಿಂದೀಚೆಗೆ ವೈಟ್‌ಫೀಲ್ಡಿನ ಕಡೆ, ಹೊರವರ್ತುಲ ರಸ್ತೆಯ ಕಡೆ ಗಾಜಿನ ಕಟ್ಟಡಗಳು ಎದ್ದವು. ಅಲ್ಲಿ ನೆಲ ಗುಡಿಸುವವಳು, ಬಾಗಿಲು ಕಾಯುವವನು, ಅಡಿಗೆ ಬಡಿಸುವವನು ಎಲ್ಲಿ ಮಲಗಬೇಕೆಂಬುದನ್ನು ನಕ್ಷೆ ಬರೆದವರು ಯೋಚಿಸಿದಂತೆ ಕಾಣುವುದಿಲ್ಲ.

ಇದ್ದ ಮನೆಯನ್ನೇ ಕಿತ್ತು ದೂರ ಎಸೆದದ್ದೂ ಉಂಟು. ಕೋರಮಂಗಲದ ಮಗ್ಗುಲಿನ ಈಜಿಪುರದಲ್ಲಿ ಬಡವರ ವಸತಿಗೃಹಗಳಿದ್ದವು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಅಲ್ಲಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಲಾಯಿತು. ಅವರಲ್ಲಿ ಅನೇಕ ಹೆಂಗಸರು ಕೋರಮಂಗಲದ ಮನೆಗಳಲ್ಲಿ ಮುಸುರೆ ತಿಕ್ಕಿ ಬದುಕುತ್ತಿದ್ದವರು. ನಡೆದುಹೋಗಿ ಎರಡು ಮನೆ ಕೆಲಸ ಮುಗಿಸಿ, ಮಧ್ಯಾಹ್ನ ಮಗುವಿಗೆ ಅನ್ನ ಹಾಕಲು ಬರುತ್ತಿದ್ದವಳಿಗೆ ಊರ ಹೊರಗಿನ ಮನೆ ಕೊಟ್ಟರೆ ಕೊಟ್ಟದ್ದು ಮನೆ, ಕಿತ್ತುಕೊಂಡದ್ದು ಕೆಲಸ. ಅವಳ ಪಾಲಿಗೆ ದೂರವೆಂದರೆ ಬಸ್ಸಿನ ಹೊತ್ತಲ್ಲ, ಕೂಲಿಯೇ.

ಈಗ ಎರಡನೆಯ ಪಾಲು. ಮನುಷ್ಯ ಹತ್ತಿರದ ಮನೆ ಬಿಟ್ಟು ದೂರದ ಮನೆ ಏಕೆ ಹಿಡಿಯುತ್ತಾನೆ? ಹುಚ್ಚಿನಿಂದಲ್ಲ. ಗೇಟಿನ ಹತ್ತಿರದ ವಠಾರದ ಬಾಡಿಗೆ ಅವನ ಸಂಬಳಕ್ಕೆ ನಿಲುಕದು. ಗುತ್ತಿಗೆಯ ಕೆಲಸ ಆರು ತಿಂಗಳಿಗೊಮ್ಮೆ ಗೇಟು ಬದಲಿಸುತ್ತದೆ. ಗೇಟು ಬದಲಾದಂತೆಲ್ಲ ಮನೆ ಬದಲಿಸಿದರೆ ಮುಂಗಡಕ್ಕೆ ಹಣ ಎಲ್ಲಿಂದ ಬರಬೇಕು, ಮಕ್ಕಳ ಶಾಲೆ ಏನಾಗಬೇಕು? ಗಂಡನ ಕೆಲಸ ಪೀಣ್ಯದಲ್ಲಿ, ಹೆಂಡತಿಯ ಕೆಲಸ ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಕಾರಖಾನೆಯಲ್ಲಿ ಎಂದಾದರೆ ಇಬ್ಬರಿಗೂ ಹತ್ತಿರವಾದ ಮನೆ ಯಾವ ಗಣಿತದಲ್ಲಿಯೂ ಇಲ್ಲ.

ಇನ್ನೂ ಒಂದು ಕಾರಣವಿದೆ. ಅಮೆರಿಕದವರ ಸೂತ್ರದಲ್ಲಿ ಇರದ, ನಮ್ಮ ದೇಶದಲ್ಲಿ ಮರೆಯಬಾರದ ಕಾರಣ. ಬಾಡಿಗೆಗೆ ಮನೆ ಕೇಳಿದಾಗ ಊರು ಕೇಳುತ್ತಾರೆ, ಹೆಸರು ಕೇಳುತ್ತಾರೆ, ಕೊನೆಗೆ ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಾರೆ. ಉತ್ತರ ಹಿಡಿಸದಿದ್ದರೆ ಮನೆ ಆಗಲೇ ಬೇರೆಯವರಿಗೆ ಗೊತ್ತಾಗಿರುತ್ತದೆ. 2001ರ ಜನಗಣತಿಯ ವಾರ್ಡುವಾರು ಅಂಕಿಗಳನ್ನು ಹಿಡಿದು ದೇಶದ ಏಳು ದೊಡ್ಡ ನಗರಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ, ವಾಸದ ಪ್ರತ್ಯೇಕತೆ ಆರ್ಥಿಕ ಸ್ಥಿತಿಗಿಂತ ಹೆಚ್ಚಾಗಿ ಜಾತಿಯನ್ನು ಅನುಸರಿಸಿದೆಯೆಂದು ತೋರಿಸಿತು. ಹತ್ತಿರದ ಮನೆಯಿಂದ ದಲಿತನನ್ನೂ ಮುಸಲ್ಮಾನನನ್ನೂ ಅಟ್ಟಿ, ಅವನು ಎಂಟು ಕಿಲೋಮೀಟರು ಹೆಚ್ಚಾಗಿ ನಡೆದುಬಂದರೆ ಆ ಎಂಟು ಕಿಲೋಮೀಟರನ್ನು "ಅನಗತ್ಯ ಪ್ರಯಾಣ"ವೆಂದು ಬರೆಯುವುದೆ? ಅದು ಅಸ್ಪೃಶ್ಯತೆಯ ಉದ್ದ. ಅಳತೆಪಟ್ಟಿ ಇಟ್ಟು ಅದನ್ನೂ ಅಳೆಯಬಹುದೆಂಬುದೇ ಈ ಶಾಸ್ತ್ರದಿಂದ ನಮಗಾಗುವ ದೊಡ್ಡ ಉಪಕಾರ.

ಹಾಗಾದರೆ ದೂರ ಕಡಿಮೆಯಾದಲ್ಲೆಲ್ಲ ಸುಖವುಂಟೆ? ಅದೂ ಇಲ್ಲ. ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟದ ಲೈನು ಮನೆಗಳನ್ನು ನೋಡಿ. ಅಲ್ಲಿ ಮನೆಯಿಂದ ಕೆಲಸಕ್ಕೆ ದೂರವೇ ಇಲ್ಲ. ಆದರೆ ಮನೆ ಧಣಿಯದು, ದಾರಿ ಧಣಿಯದು. ಕೆಲಸ ಬಿಟ್ಟ ದಿನ ಸೂರೂ ಹೋಯಿತು. ಎದುರು ಮಾತನಾಡಬೇಕೆಂದವನು ಮೊದಲು ಮಕ್ಕಳನ್ನು ಎಲ್ಲಿ ಮಲಗಿಸಲಿ ಎಂದು ಯೋಚಿಸಬೇಕು. ಹಾಗೆಯೇ ಎಷ್ಟೋ ಹೆಂಗಸರ ಪ್ರಯಾಣ ಗಿಡ್ಡದಾಗಿ ತೋರುವುದು ಸೌಕರ್ಯದಿಂದಲ್ಲ. ಮನೆಗೆಲಸವೂ ಕತ್ತಲೆಯ ಭಯವೂ ಅವರನ್ನು ಹತ್ತಿರದ ಕಡಿಮೆ ಕೂಲಿಯ ಕೆಲಸಕ್ಕೇ ಕಟ್ಟಿಹಾಕಿವೆ. ಆದುದರಿಂದ ನಮ್ಮ ಬೇಡಿಕೆ ಬರಿಯ ಹತ್ತಿರದ ಮನೆಯಲ್ಲ. ಕೆಲಸ ಹೋದರೂ ಉಳಿಯುವ ಹತ್ತಿರದ ಮನೆ.

ಬಸ್ಸು, ರೈಲು ಸುಧಾರಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಬೆಂಗಳೂರಿನಲ್ಲಿ 2011ರ ಅಕ್ಟೋಬರಿನಲ್ಲಿ ಮೆಟ್ರೋ ರೈಲು ಓಡತೊಡಗಿತು. 2023ರ ಜೂನ್ 11ರಂದು ರಾಜ್ಯದಲ್ಲಿ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಪ್ರಾರಂಭವಾಯಿತು. ದುಡಿಯುವ ಹೆಂಗಸಿನ ಕೈಯಲ್ಲಿ ನಾಲ್ಕು ಕಾಸು ಉಳಿಯಿತು, ಇದು ಒಳ್ಳೆಯದೇ. ಆದರೆ ಟಿಕೆಟು ಹೋದರೂ ದಾರಿ ಹೋಗಲಿಲ್ಲ. ಔಷಧ ನೋವು ಇಳಿಸಿತು, ಮುಳ್ಳು ಒಳಗೇ ಇದೆ.

ಇನ್ನು ಅಂಕಿಗಳ ಮಾತು. 2011ರ ಜನಗಣತಿಯಲ್ಲಿ ಬೇಸಾಯಗಾರರು, ಕೃಷಿಕೂಲಿಗಳು, ಗೃಹಕೈಗಾರಿಕೆಯವರನ್ನು ಬಿಟ್ಟು ಉಳಿದ ಸುಮಾರು 20 ಕೋಟಿ ದುಡಿಮೆಗಾರರಿಗೆ ಕೆಲಸದ ಸ್ಥಳ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದು ಕೇಳಲಾಯಿತು. ನೂರಕ್ಕೆ ಸುಮಾರು 30 ಜನಕ್ಕೆ ಪ್ರಯಾಣವೇ ಇರಲಿಲ್ಲ. ನಡೆದುಹೋಗುವವರು 20ಕ್ಕೂ ಹೆಚ್ಚು. ಕಾರಿನಲ್ಲಿ ಹೋಗುವವರು 3ಕ್ಕಿಂತ ಕಡಿಮೆ. ನಮ್ಮ ನಗರಗಳ ಮೇಲ್ಸೇತುವೆಗಳನ್ನು ಯಾರಿಗಾಗಿ ಕಟ್ಟುತ್ತಿದ್ದಾರೆಂಬುದಕ್ಕೆ ಈ ಕೊನೆಯ ಅಂಕಿಯೇ ವ್ಯಾಖ್ಯಾನ. ಎಷ್ಟು ದೂರ ಎಂಬುದನ್ನು ಆ ಪಟ್ಟಿಗಳು ಹೇಳುತ್ತವೆ; ಯಾವ ವಾರ್ಡಿನಿಂದ ಯಾವ ವಾರ್ಡಿಗೆ ಎಂಬುದನ್ನು ಹೇಳುವುದಿಲ್ಲ. ಎಲ್ಲಿಂದ ಎಲ್ಲಿಗೆ ಎಂಬುದು ತಿಳಿಯದೆ ಈ ದೂರಕ್ಕೆ ಹೊಣೆ ಯಾರೆಂದು ಹಿಡಿಯುವುದು ಕಷ್ಟ. 2021ರಲ್ಲಿ ಆಗಬೇಕಾಗಿದ್ದ ಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಎಣಿಕೆಯ ದಿನವಾಗಿ ಗೊತ್ತುಪಡಿಸಿ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ವಾರ್ಡಿನಿಂದ ವಾರ್ಡಿಗೆ ಹೋಗುವವರ ಪಟ್ಟಿ ಬೇಕೆಂದು ನಾವು ಒತ್ತಾಯ ಮಾಡಬೇಕು.

ಸರಕಾರದ ಪಟ್ಟಿಗೆ ಕಾಯಬೇಕಾಗಿಯೂ ಇಲ್ಲ. ಪ್ರತಿಯೊಂದು ಸಂಘವೂ ಒಂದು ನೋಟುಪುಸ್ತಕ ಇಡಲಿ. ಸದಸ್ಯನ ಮನೆ ಯಾವ ಕೇರಿ, ಕೆಲಸ ಯಾವ ಗೇಟು, ಎಷ್ಟು ಕಿಲೋಮೀಟರು, ಎಷ್ಟು ಹೊತ್ತು, ಎಷ್ಟು ಖರ್ಚು, ಹತ್ತಿರದಲ್ಲಿ ಏಕೆ ಮನೆ ಸಿಗಲಿಲ್ಲ ಎಂಬ ಆರು ಅಂಕಣ ಸಾಕು. ಹೆಸರು ಬರೆಯಬೇಕಾಗಿಲ್ಲ. ನಾಲ್ಕು ಸಂಘದವರು ಒಂದೆಡೆ ಕುಳಿತು ಪುಸ್ತಕಗಳನ್ನು ಕೂಡಿಸಿದರೆ, ಈಗ ತಾನೆ ನಾವು ಮಾಡಿದ ಲೆಕ್ಕವನ್ನೇ ಸ್ವಂತ ಊರಿಗೆ ಮಾಡಬಹುದು. ಆರನೆಯ ಅಂಕಣವನ್ನು ಬಿಡಬೇಡಿ. ಶಾಸ್ತ್ರದಲ್ಲಿ ಇಲ್ಲದ್ದು ಅದೊಂದೇ, ಎಲ್ಲಕ್ಕಿಂತ ಮುಖ್ಯವಾದುದೂ ಅದೇ.

ಲೆಕ್ಕ ಕೈಗೆ ಬಂದ ಮೇಲೆ ಏನು ಕೇಳಬೇಕು? ಒಂದು, ಕಾರಖಾನೆಯೊಂದು ಜಾಗ ಬದಲಿಸುವ ಮೊದಲು ಕೆಲಸಗಾರರ ದಾರಿ ಎಷ್ಟು ಬೆಳೆಯುತ್ತದೆಂದು ಬಹಿರಂಗವಾಗಿ ಹೇಳಬೇಕು, ಆ ಬೆಳೆದ ದಾರಿಯ ಖರ್ಚನ್ನೂ ಹೊತ್ತನ್ನೂ ಮಾಲೀಕನೇ ಹೊರಬೇಕು. ಎರಡು, ಕೈಗಾರಿಕೆಗೆ ನೆಲ ಕೊಡುವಾಗ ಅದರ ಜೊತೆಯಲ್ಲಿಯೇ ಕಡಿಮೆ ಸಂಬಳದವರ ಮನೆಗೂ ನೆಲ ತೆಗೆದಿಡಬೇಕು. ಮೂರು, ಬಡವರನ್ನು ಕೆಲಸದ ಸ್ಥಳದಿಂದ ದೂರ ಒಗೆಯುವ ಸ್ಥಳಾಂತರ ನಿಲ್ಲಬೇಕು. ನಾಲ್ಕು, ಊರ ಬಸ್ಸಿನ ಖರ್ಚಿಗೆ ಮಾಲೀಕರು ಪಾಲು ಕೊಡಬೇಕು. ಇದು ಆಗದ ಮಾತಲ್ಲ. ಪ್ಯಾರಿಸ್ ಪ್ರದೇಶದಲ್ಲಿ 1971ರಿಂದಲೇ ಮಾಲೀಕರು ಕೊಡುವ ಸಂಬಳದ ಮೊತ್ತದ ಮೇಲೆ ಸಾರಿಗೆಗೆಂದು ತೆರಿಗೆ ಹಾಕಲಾಗಿದೆ.

ಧಣಿಗಳು ಹೇಳಬಹುದು: ಗೇಟಿನ ಹೊರಗಿನದು ನಮ್ಮ ಹೊಣೆಯಲ್ಲ ಎಂದು. ಅದಕ್ಕೆ ನಮ್ಮ ದೇಶದ ಕಾನೂನೇ ಉತ್ತರ ಕೊಟ್ಟಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಅಪಘಾತವಾದರೆ, ಅದಕ್ಕೂ ಕೆಲಸಕ್ಕೂ ಸಂಬಂಧ ತೋರಿಬಂದಲ್ಲಿ, ಅದು ಕೆಲಸದಿಂದಲೇ ಆದದ್ದೆಂದು ಭಾವಿಸಬೇಕೆಂದು 1948ರ ನೌಕರರ ರಾಜ್ಯ ವಿಮಾ ಕಾಯಿದೆಗೆ 2010ರಲ್ಲಿ ಕಲಮು ಸೇರಿತು. ಆ ತತ್ವ 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿದೆ. ಕೆಲಸಗಾರ ದಾರಿಯಲ್ಲಿ ಸತ್ತರೆ ಆ ದಾರಿ ಕೆಲಸದ ಭಾಗ. ಅವನು ಬದುಕಿ ಗೇಟು ಮುಟ್ಟಿದರೆ ಅದೇ ದಾರಿ ಅವನ ಸ್ವಂತ ಉಸಾಬರಿ. ಇದು ಯಾವ ನ್ಯಾಯ? ಸತ್ತವನಿಗೆ ಒಪ್ಪಿದ ಹಕ್ಕನ್ನು ಬದುಕಿರುವವನಿಗೂ ಒಪ್ಪಿಸುವುದೇ ನಮ್ಮ ಮುಂದಿನ ಕೆಲಸ. ಮುಂದಿನ ಸಭೆಗೆ ಬರುವಾಗ ಪ್ರತಿಯೊಂದು ಸಂಘವೂ ತನ್ನ ನೋಟುಪುಸ್ತಕವನ್ನು ತರಬೇಕೆಂದು ಕೇಳಿಕೊಂಡು ಮಾತು ಮುಗಿಸುತ್ತೇವೆ.